ನಡುವೆ ಬರೀ ಬಿದಿರು

ನಾನು ಸೇದುವವನಲ್ಲ. ಕಾಲೇಜಿನ ದಿನಗಳಲ್ಲಿ ಒಮ್ಮೆ ಬೀಡಿ ಎಳೆದು, ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದ ಮೇಲೆ ಆ ಕಡೆ ತಲೆ ಹಾಕಿಲ್ಲ. ಆದರೆ ಜಪಾನೀ ಭಾಷೆ ಕಲಿಯಲು ಕೂತಾಗ ಹೊಗೆಯ ಮಾತುಗಳ ಚಟ ಮಾತ್ರ ಹತ್ತಿಕೊಂಡಿತು.

ಶುರುವಾದದ್ದು ‘ತಬಾಕೊ’ದಿಂದ. ಪೋರ್ಚುಗೀಸರ ಬಾಯಿಂದ ಬಂದ ಪದ, ನಮ್ಮ ತಂಬಾಕಿನ ದಾಯಾದಿ. ಬರೆಯುವಾಗ ಮಾತ್ರ ಜಪಾನಿನವರು ಚೀನೀ ಲಿಪಿಯ ಎರಡು ಅಕ್ಷರ ಹಾಕುತ್ತಾರೆ. ಒಂದರ ಅರ್ಥ ಹೊಗೆ, ಇನ್ನೊಂದರದು ಹುಲ್ಲು. ಅರೆ, ಇದು ನಮ್ಮ ಹೊಗೆಸೊಪ್ಪೇ ಅಲ್ಲವೇ! ಯಾರು ಯಾರನ್ನೂ ಕೇಳದೆ ಇಟ್ಟ ಹೆಸರು.

ಅದನ್ನು ಸೇದುವ ಉದ್ದ ಕೊಳವೆ ‘ಕಿಸೆರು’. ಕಾಂಬೋಡಿಯಾದ ಖ್ಮೇರ್ ಭಾಷೆಯಿಂದ ಬಂದ ಪದ ಎನ್ನುತ್ತಾರೆ. ಬೆಂಕಿಯ ಕಡೆಯ ಲೋಹದ ತುದಿಗೆ ‘ಗಾಂಕುಬಿ’, ಅಂದರೆ ಕಾಡು ಹೆಬ್ಬಾತಿನ ಕೊರಳು. ಬಾಯಿಗಿಡುವ ಲೋಹದ ತುದಿ ‘ಸುಯಿಕುಚಿ’, ಎಳೆಯುವ ಬಾಯಿ. ಇವೆರಡರ ನಡುವಿನ ಬಿದಿರು ‘ರಾವೊ’. ಲಾವೋಸ್ ದೇಶದ ಬಿದಿರಿನಿಂದ ಬಂದ ಹೆಸರಂತೆ. ಜಪಾನೀ ನಾಲಗೆಗೆ ‘ಲ’ ಹೊರಳದ್ದರಿಂದ ದೇಶವೇ ‘ರಾವೊ’ ಆಯಿತು. ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿದ ಸೊಪ್ಪನ್ನು ಬಟಾಣಿ ಕಾಳಿನಷ್ಟು ಉಂಡೆ ಮಾಡಿ ತುಂಬಿದರೆ ಎರಡು ಮೂರು ದಮ್ಮಿಗೆ ಮುಗಿಯಿತು. ಅದು ‘ಇಪ್ಪುಕು’. ಒಂದು ಸಲ ಕುಡಿಯುವ ಔಷಧಿಗೂ ಅದೇ ಮಾತು, ಒಂದು ಬಟ್ಟಲು ಚಹಾಕ್ಕೂ ಅದೇ. ಕೆಲಸದ ನಡುವೆ ‘ಇಪ್ಪುಕು’ ಎಂದರೆ ಬೀಡಿ ಮುಟ್ಟದವನೂ ಸೊಂಟ ನೆಟ್ಟಗೆ ಮಾಡಿ ಕೂರಬಹುದು.

ಕಿಮೊನೊ ಉಡುಪಿಗೆ ನಮ್ಮ ಅಂಗಿಯಂಥ ಜೇಬಿಲ್ಲ. ಹಾಗಾಗಿ ಹೊಗೆಸೊಪ್ಪಿನ ಚೀಲವನ್ನು ದಾರ ಕಟ್ಟಿ ಸೊಂಟಪಟ್ಟಿಯಿಂದ ತೂಗುಬಿಡುತ್ತಿದ್ದರು. ದಾರ ಜಾರದಂತೆ ಮೇಲೊಂದು ಕೆತ್ತನೆಯ ಗುಂಡು, ‘ನೆತ್ಸುಕೆ’. ನಮ್ಮಜ್ಜಿ ಸೊಂಟಕ್ಕೆ ಸಿಕ್ಕಿಸುತ್ತಿದ್ದ ಎಲೆಅಡಿಕೆ ಸಂಚಿಗೆ ಗುಂಡು ಇರಲಿಲ್ಲ. ಸುಣ್ಣದ ಡಬ್ಬಿಯಿತ್ತು, ಮೊಮ್ಮಕ್ಕಳಿಗೆ ಕೊಡಲು ಚಿಲ್ಲರೆಯಿತ್ತು. ಬೂದಿ ಕೊಡಹುವ ಬಿದಿರಿನ ಅಂಡೆಗೆ ‘ಹಾಯ್‌ಫುಕಿ’ ಎಂದು ಹೆಸರು. ಅದರ ಮೇಲೆ ಅವರದೊಂದು ಗಾದೆಯೂ ಇದೆ: ಹಾಯ್‌ಫುಕಿ, ಸಾಹುಕಾರ ಎರಡೂ ತುಂಬಿದಷ್ಟೂ ಗಲೀಜು. ಸಾಲಗಾರನೇ ಕಟ್ಟಿರಬೇಕು.

ಬಿದಿರಿನೊಳಗೆ ಕರಿ ಜಿಗುಟು ಕಟ್ಟಿಕೊಂಡರೆ ರಾವೊ ಬದಲಿಸುವವನು ಬರುತ್ತಿದ್ದ. ಗಾಡಿಯಲ್ಲಿ ನೀರು ಕಾಯಿಸಿ, ಆವಿಯಿಂದ ಕೊಳವೆ ತೊಳೆಯುತ್ತಿದ್ದ. ಅದೇ ಆವಿ ಪೀ ಎಂದು ಸಿಳ್ಳೆ ಹಾಕಿ ಬೀದಿಗೆಲ್ಲ ಅವನ ಬರವು ಸಾರುತ್ತಿತ್ತು. ಈಗ ಕಿಸೆರು ಸೇದುವವರೇ ಅಪರೂಪ.

ಆದರೂ ಕಿಸೆರು ರೈಲು ಹತ್ತಿ ಬದುಕಿಕೊಂಡಿದೆ. ಹತ್ತುವ ಕಡೆ ಹತ್ತಿರದ ನಿಲ್ದಾಣಕ್ಕೊಂದು ಅಗ್ಗದ ಟಿಕೆಟ್ಟು, ಇಳಿಯುವ ಕಡೆ ಜೇಬಿನಲ್ಲಿ ಪಾಸು, ನಡುವಿನ ದೂರವೆಲ್ಲ ಬಿಟ್ಟಿ. ಈ ಮೋಸಕ್ಕೆ ಅಲ್ಲಿ ‘ಕಿಸೆರು’ ಎಂದೇ ಹೆಸರು. ಎರಡು ತುದಿಗಷ್ಟೇ ಲೋಹ, ಅಂದರೆ ಕಾಸು. ನಡುವೆ ಬರೀ ಬಿದಿರು. ಸ್ವಯಂಚಾಲಿತ ಗೇಟುಗಳು ಬಂದ ಮೇಲೆ ಈ ವಿದ್ಯೆ ಕಷ್ಟವಾಗಿದೆ.

ಪರೀಕ್ಷೆಯ ದಿನ ನಾನು ಓದಿಕೊಂಡು ಹೋದದ್ದು ಪುಸ್ತಕದ ಮೊದಲ ಮೂರು ಪಾಠ, ಕೊನೆಯ ಎರಡು. ಮೇಷ್ಟ್ರು ಏಳನೆಯ ಪಾಠ ತೆಗೆದರು.