ಕಲ್ಲಿಗೊಂದು ಹೆಸರು ಕೇಳಿದರೆ

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಚಾರ್ಮತ್ ಎಂಬ ಹಳ್ಳಿಯ ಸಮುದ್ರದಂಡೆಯಲ್ಲಿ, ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನ ಜಂಭವನ್ನು ಮೂರೇ ಪದಗಳಲ್ಲಿ ಇಳಿಸಿಬಿಟ್ಟಳು. ಪಳೆಯುಳಿಕೆ ಹುಡುಕುತ್ತಾ ಎರಡು ಗಂಟೆ ಬಗ್ಗಿ ನಡೆದು ಸೊಂಟ ಹಿಡಿದುಕೊಂಡಿದ್ದ ನನಗೆ ಒತ್ತೊತ್ತಾಗಿ ಎಳೆಗಳಿದ್ದ ಕಂದು ಕಲ್ಲೊಂದು ಸಿಕ್ಕಿತ್ತು. ಯಾವುದೋ ಪುರಾತನ ಪ್ರಾಣಿಯ ಮೂಳೆಯೇ ಇರಬೇಕೆಂದು ಅದನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಾಗ ಪಕ್ಕದಲ್ಲಿ ಹಾದುಹೋಗುತ್ತಿದ್ದ ಆಕೆ ಒಮ್ಮೆ ಕಣ್ಣು ಹಾಯಿಸಿ, "ಅದು ಬರೀ ಬೀಫ್" ಎಂದು ಹೇಳಿ, ತನ್ನ ಬಕೆಟ್ ಆಡಿಸುತ್ತಾ ಮುಂದೆ ಹೋದಳು.

ಆ ಕ್ಷಣ ನನ್ನ ಕೈಯಿಂದ ಕಲ್ಲು ಜಾರಿತೆಂದು ಹೇಳಿದರೆ ನಮ್ಮ ಕಡೆಯವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ತಿಳಿಯಿತು, ಎಳೆಎಳೆಯಾದ ಈ ಕ್ಯಾಲ್ಸೈಟ್ ಕಲ್ಲು ಮಾಂಸದ ನಾರಿನಂತೆ ಕಾಣುವುದರಿಂದ ಇಲ್ಲಿನ ಹಳೆಯ ಕಲ್ಲುಗಣಿ ಕೆಲಸಗಾರರು ಅದಕ್ಕೆ ಬೀಫ್ ಎಂದು ಹೆಸರಿಟ್ಟಿದ್ದರು. ಭೂವಿಜ್ಞಾನಿಗಳು ಆ ಹೆಸರನ್ನು ಕೀಳೆಂದು ತಿದ್ದಲು ಹೋಗದೆ, ಆ ಬಂಡೆಯ ಸ್ತರವನ್ನೇ 'ಶೇಲ್ಸ್ ವಿತ್ ಬೀಫ್' ಎಂದು ಕರೆದು ಪುಸ್ತಕಕ್ಕೆ ಏರಿಸಿದ್ದಾರೆ. ಈ ಪ್ರಸಂಗವನ್ನು ಅಮ್ಮನಿಗೆ ಫೋನಿನಲ್ಲಿ ಹೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ನನ್ನನ್ನು ಚುಚ್ಚಿದ್ದು ತಪ್ಪಿದೆನೆಂಬುದಲ್ಲ. ಪಳೆಯುಳಿಕೆಯೇ ಅಲ್ಲದ, ಯಾರೂ ಎತ್ತಿಕೊಳ್ಳದ ಕಲ್ಲಿಗೂ ಒಂದು ಹೆಸರಿದೆ ಎಂಬುದು ಆ ವಯಸ್ಸಿನ ಮಗುವಿಗೆ ಗೊತ್ತಿತ್ತು. ನಾನು ಅದೇ ವಯಸ್ಸಿನಲ್ಲಿ, ಹಿರಿಯೂರಿನಿಂದ ಮಾರಿಕಣಿವೆಗೆ ಶಾಲೆಯ ಪ್ರವಾಸ ಹೋದಾಗ, ಪುಳಿಯೋಗರೆ ಡಬ್ಬಿ ಖಾಲಿಯಾದ ಮೇಲೆ ಅಲೆಅಲೆಯಾದ ಗೆರೆಗಳಿದ್ದ ಅಂಗೈಯಗಲದ ಕಲ್ಲೊಂದನ್ನು ಅದರಲ್ಲಿಟ್ಟುಕೊಂಡು ಬಂದಿದ್ದೆ. ಮರುದಿನ ಮೇಷ್ಟರಿಗೆ ತೋರಿಸಿ ಇದೇನು ಎಂದು ಕೇಳಿದಾಗ ಅವರು ನಗಲೂ ಇಲ್ಲ, ಗದರಲೂ ಇಲ್ಲ. "ಕಲ್ಲು ಕಣೋ, ಹೊರಗೆ ಹಾಕು" ಎಂದಷ್ಟೇ ಹೇಳಿ ಹಾಜರಿ ಕರೆಯಲು ಕುಳಿತರು. ಆ ಕಲ್ಲು ಏನಾಗಿತ್ತೆಂದು ಈಗ ತಿಳಿಯುವ ದಾರಿಯಿಲ್ಲ. ಪರೀಕ್ಷೆಯಲ್ಲಿ 'ಪಳೆಯುಳಿಕೆ ಎಂದರೇನು?' ಎಂಬ ಎರಡು ಅಂಕದ ಪ್ರಶ್ನೆಗೆ ಮಾತ್ರ ನಾನು ಯಾವಾಗಲೂ ಪೂರ್ತಿ ಅಂಕ ಪಡೆಯುತ್ತಿದ್ದೆ.

ಚಾರ್ಮತ್‌ನಲ್ಲಿ ಕೇಳುವವರಿಗೆ ಒಂದು ಜಾಗವಿದೆ. ದಂಡೆಯ ಪಕ್ಕದಲ್ಲೇ ಇರುವ ಹೆರಿಟೇಜ್ ಕೋಸ್ಟ್ ಸೆಂಟರಿಗೆ ಪ್ರವೇಶ ಶುಲ್ಕವಿಲ್ಲ. ಒದ್ದೆ ಬೂಟು, ಕೆಸರು ಕೈ, ಜೇಬಿನ ತುಂಬ ಕಲ್ಲು, ಎಲ್ಲವನ್ನೂ ಹೊತ್ತು ಒಳಗೆ ಹೋಗಬಹುದು. ಅಲ್ಲಿನ ವಾರ್ಡನ್ ಒಬ್ಬೊಬ್ಬರ ಕಲ್ಲನ್ನೂ ಕೈಗೆ ತೆಗೆದುಕೊಂಡು ನೋಡುತ್ತಾರೆ. ಅಂದು ನನಗೆ ಕೊನೆಗೂ ಸಿಕ್ಕಿದ್ದು ನಮ್ಮ ಎಂಟಾಣೆ ನಾಣ್ಯದಷ್ಟು ಅಗಲದ, ಹಿತ್ತಾಳೆಯಂತೆ ಹೊಳೆಯುವ ಎರಡು ಅಮೊನೈಟ್‌ಗಳು. ಅಮೊನೈಟ್ ಎಂದರೆ ಬೊಂಡಾಸ ಎನ್ನುವ ಸ್ಕ್ವಿಡ್‌ನ ಹತ್ತಿರದ ನೆಂಟ; ಸುರುಳಿ ಚಿಪ್ಪಿನೊಳಗೆ ಕೋಣೆಕೋಣೆಯಾಗಿ ಬೆಳೆಯುತ್ತಾ, ಕೊನೆಯ ಕೋಣೆಯಲ್ಲಿ ತಾನು ವಾಸಿಸುತ್ತಿದ್ದ ಕಡಲಜೀವಿ. ಸುಮಾರು 19 ಕೋಟಿ ವರ್ಷಗಳ ಹಿಂದೆ ಅದು ಸತ್ತು ಕೆಸರಿನಲ್ಲಿ ಹೂತ ಮೇಲೆ ಚಿಪ್ಪಿನ ಜಾಗವನ್ನು ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ತುಂಬಿಕೊಂಡದ್ದರಿಂದ ಆ ಹೊಳಪು.

ವಾರ್ಡನ್ ತಾವೇ ಹೆಸರು ಹೇಳಿ ಕಳಿಸಿಬಿಡಬಹುದಿತ್ತು. ಅದರ ಬದಲು ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು ಒಂದೊಂದಾಗಿ ನೋಡಿಸಿದರು: ಹೊರ ಸುತ್ತು ಒಳ ಸುತ್ತನ್ನು ಎಷ್ಟು ಮುಚ್ಚಿದೆ, ಏಣುಗಳು ನೇರವಾಗಿವೆಯೇ ಬಾಗಿವೆಯೇ, ಅವು ಬೆನ್ನಿನ ಮೇಲೆ ಹಾದುಹೋಗುತ್ತವೆಯೇ ಅಥವಾ ನಡುವೆ ದೋಣಿಯ ತಳದಲ್ಲಿರುವಂಥ ದಿಂಡೊಂದು ಅವನ್ನು ತಡೆಯುತ್ತದೆಯೇ. ನನ್ನದರಲ್ಲಿ ದಿಂಡು ಇರಲಿಲ್ಲ. ದಪ್ಪ ನೇರ ಏಣುಗಳು ಬೆನ್ನಿಗೆ ಬರುವಷ್ಟರಲ್ಲಿ ಚಪ್ಪಟೆಯಾಗಿ ಅಗಲಿಸಿಕೊಂಡು ಆಚೆ ಬದಿಗೆ ಇಳಿದಿದ್ದವು. "ಹಾಗಾದರೆ ಇದು ಪ್ರೊಮೈಕ್ರೊಸೆರಾಸ್" ಎಂದರು. ಈ ಹೆಸರು ಕೇವಲ ಹೆಸರೂ ಅಲ್ಲ. ಅಮೊನೈಟ್‌ಗಳು ಬೇಗಬೇಗ ರೂಪ ಬದಲಿಸುತ್ತಾ ಹೋದ ಜೀವಿಗಳಾದ್ದರಿಂದ, ಯಾವ ಜಾತಿ ಎಂದು ಗೊತ್ತಾದರೆ ಅದು ಎದುರಿನ ಗುಡ್ಡದ ಯಾವ ಪದರದಿಂದ ಉದುರಿತೆಂಬುದನ್ನೂ ಬೆರಳಿಟ್ಟು ತೋರಿಸಬಹುದು. ಅವರು ಕಿಟಕಿಯಿಂದ ತೋರಿಸಿಯೂ ಬಿಟ್ಟರು. ಅಂದು ಆ ಮೇಜಿನ ಸುತ್ತ ನಾವು ಹತ್ತು ಹನ್ನೆರಡು ಮಂದಿ ಇದ್ದೆವು, ಯಾರೂ ಯಾರನ್ನೂ 'ನೀವೇನು ಓದಿದ್ದೀರಿ' ಎಂದು ಕೇಳಲಿಲ್ಲ.

ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಇಲ್ಲಿಯೇ. ಇಲ್ಲಿನ ನಿಯಮದ ಹಿಂದೆ ಸರಳವಾದ ಒಂದು ತರ್ಕವಿದೆ. ಪ್ರತಿ ಚಳಿಗಾಲವೂ ಸಮುದ್ರ ಗುಡ್ಡವನ್ನು ಕೆಡವುತ್ತದೆ. ಬಿದ್ದದ್ದನ್ನು ಯಾರೂ ಹೆಕ್ಕದಿದ್ದರೆ ಅಲೆಗಳು ಅದನ್ನು ತಿರುಗಿ ಕೆಸರು ಮಾಡುತ್ತವೆ. ಆದ್ದರಿಂದ ದಂಡೆಯಲ್ಲಿ ಸಡಿಲವಾಗಿ ಬಿದ್ದದ್ದನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು, ಗುಡ್ಡವನ್ನು ಅಗೆಯಬಾರದು, ಅಪರೂಪದ್ದು ಸಿಕ್ಕರೆ ನೋಂದಾಯಿಸಬೇಕು, ನೋಂದಾಯಿಸುವಾಗ ಹುಡುಕಿದವರ ಹೆಸರನ್ನೂ ಬರೆದುಕೊಳ್ಳುತ್ತಾರೆ. ವಿಶ್ವ ಪರಂಪರೆಯ ಪಟ್ಟಿಗೆ 2001ರಲ್ಲಿ ಸೇರಿದ ಕರಾವಳಿಯ ನಿಯಮಗಳಿವು ಎಂದರೆ ನಮ್ಮವರು ನಂಬುವುದು ಕಷ್ಟ. ಚಾರ್ಮತ್ ಇರುವ ಇದೇ ಡಾರ್ಸೆಟ್ ಕೌಂಟಿಯ ಕಿಮ್ಮರಿಜ್ ಎಂಬ ಹಳ್ಳಿಯಲ್ಲಿ 2016ರಲ್ಲಿ ತೆರೆದ ವಸ್ತುಸಂಗ್ರಹಾಲಯದ ತುಂಬ ಇರುವುದು ಸ್ಟೀವ್ ಎಚಸ್ ಎಂಬ ಒಬ್ಬರೇ ವ್ಯಕ್ತಿ ಮೂವತ್ತಕ್ಕೂ ಹೆಚ್ಚು ವರ್ಷ ಕೂಡಿಟ್ಟ ಪಳೆಯುಳಿಕೆಗಳು. ವೃತ್ತಿಯಿಂದ ಅವರು ಪ್ಲಂಬರ್. ನಲ್ಲಿ ರಿಪೇರಿಗೆ ಬಂದವರೊಬ್ಬರು ಕಡಲ ಸರೀಸೃಪದ ದವಡೆಯ ಬಗ್ಗೆ ಮಾತಾಡಿದರೆ ನಾವು ಏನನ್ನುತ್ತೇವೆಂದು ಯೋಚಿಸಿ ನೋಡಿದೆ. ಶಂಖದಿಂದ ಬಂದರೇ ತೀರ್ಥ ಎನ್ನುವ ಜನ ನಾವು.

ಅದೇ ವರ್ಷ ರಜೆಗೆ ಊರಿಗೆ ಹೋದಾಗ, ಈ ಹುರುಪಿನಲ್ಲಿಯೇ, ಒಂದು ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಸಂಗ್ರಹವಿದೆ ಎಂದು ಕೇಳಿ ಮಗಳನ್ನು ಕರೆದುಕೊಂಡು ಹೋದೆ. ಗಾಜಿನ ಬೀರುವಿನಲ್ಲಿ ಅಮೊನೈಟ್‌ಗಳಿದ್ದದ್ದು ನಿಜ. ಆದರೆ ಚೀಟಿಗಳೆಲ್ಲ ಮಗುಚಿ ಬಿದ್ದು ಯಾವ ಹೆಸರು ಯಾವ ಕಲ್ಲಿನದೆಂದು ಹೇಳುವಂತಿರಲಿಲ್ಲ. ಕೀಲಿ ಇಟ್ಟುಕೊಂಡವರು ರಜೆಯ ಮೇಲಿದ್ದರು. ಗಾಜಿಗೆ ಮುಖವಿಟ್ಟು ನೋಡುತ್ತಿದ್ದ ಮಗಳಿಗೆ ಅಟೆಂಡರ್ ಒಬ್ಬರು, "ಮುಟ್ಟಬಾರದು ಪುಟ್ಟಿ" ಎಂದು ಮೂರು ಬಾರಿ ಹೇಳಿದರು. ಅಲ್ಲಿಂದ ಮಾರಿಕಣಿವೆಯ ಕಡೆ ಹೋಗಿ, ಗುಡ್ಡದ ಬುಡದಲ್ಲಿ ಬಗ್ಗಿ ಬಂಡೆ ನೋಡುತ್ತಾ ಅರ್ಧ ಗಂಟೆಯೂ ಆಗಿರಲಿಲ್ಲ, ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸಿ ಯಾವ ಊರು, ಯಾರ ಪೈಕಿ ಎಂದು ವಿಚಾರಿಸತೊಡಗಿದರು. ಕೊನೆಗೆ ಒಬ್ಬರು ಮುಚ್ಚುಮರೆಯಿಲ್ಲದೆ, "ನಿಧಿಗಿಧಿ ಅಂತ ಬಂದಿದ್ದರೆ ಈಗಲೇ ಹೊರಡಿ ಸ್ವಾಮಿ" ಎಂದರು. ಚಿತ್ರದುರ್ಗದ ಸೀಮೆಯಲ್ಲಿ ನಿಧಿಗಳ್ಳರು ಎಷ್ಟು ಗುಡಿ, ಎಷ್ಟು ಬಸವಣ್ಣನ ವಿಗ್ರಹ ಒಡೆದಿದ್ದಾರೆಂಬುದನ್ನು ಬಲ್ಲ ನಾನು ಅವರ ಮೇಲೆ ಸಿಟ್ಟಾಗಲಾರೆ. ಆದರೂ ನನ್ನನ್ನು ಈಗಲೂ ಕಾಡುವುದು ಇಷ್ಟು: ಕಲ್ಲನ್ನು ನೋಡುವುದಕ್ಕೆ ಚಿನ್ನದ ಆಸೆಯಲ್ಲದೆ ಬೇರೊಂದು ಕಾರಣವಿರಬಹುದೆಂದು ಅವರಿಗೂ ಹೊಳೆಯಲಿಲ್ಲ, ನನ್ನ ಮೇಷ್ಟರಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಕಲ್ಲಿಗೆ ಮೂರೇ ಗತಿ. ಕುಂಕುಮ ಬೀಳಬೇಕು, ಕ್ರಷರಿಗೆ ಹೋಗಿ ಜಲ್ಲಿಯಾಗಬೇಕು, ಇಲ್ಲವೇ ದಾರಿಯಲ್ಲಿ ಬಿದ್ದಿರಬೇಕು.

ಹಿರಿಯೂರಿನ ಗೆಳೆಯರೊಬ್ಬರು ಇದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. "ನಿಮ್ಮ ಚಾರ್ಮತ್‌ನಲ್ಲಿ ಕೈಗೆ ಸಿಗುವಂಥ ಚಿಪ್ಪು ನಮ್ಮ ಬಂಡೆಯಲ್ಲಿ ಎಲ್ಲಿದೆ?" ಎಂದರು ಅವರು. ಮಾತು ಬಹುಮಟ್ಟಿಗೆ ಸರಿ. ಕರ್ನಾಟಕದ ನೆಲದ ಹೆಚ್ಚು ಭಾಗ ಚಿಪ್ಪು, ಶಂಖ, ಮೂಳೆ ಯಾವುದೂ ಹುಟ್ಟುವ ಮೊದಲೇ ಗಟ್ಟಿಯಾದ ಕಲ್ಲು. ನಮ್ಮಲ್ಲಿ ಸಮುದ್ರವಿರಲಿಲ್ಲವೆಂದಲ್ಲ. ಚಿತ್ರದುರ್ಗದ ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಬಂಡೆಗಳಿವೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ ತಟಕ್ಕನೆ ತಣ್ಣಗಾದಾಗ ಮಾತ್ರ ಅಂಥ ಆಕಾರ ಬರುತ್ತದೆ. ಮಾರಿಕಣಿವೆಯ ಸುತ್ತಲ ಸುಣ್ಣಕಲ್ಲಿನಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ, ಅಂದರೆ ಆಳವಿಲ್ಲದ ಕಡಲಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಪೊರೆಯ ಮೇಲೆ ಪೊರೆ ಹಾಸುತ್ತಾ ಕಟ್ಟಿದ, ಅಲೆಅಲೆಯಾದ ಗೆರೆಗಳ ಕಲ್ಲು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅವುಗಳ ಮುಂದೆ ನನ್ನ ಅಮೊನೈಟ್ ನಿನ್ನೆ ಮೊನ್ನೆ ಹುಟ್ಟಿದ ಕೂಸು. ಪುಳಿಯೋಗರೆ ಡಬ್ಬಿಯಲ್ಲಿ ನಾನು ತಂದಿದ್ದ ಕಲ್ಲಿನ ನೆನಪು ಓದುಗರಿಗೂ ಈಗ ಆಗಿರಬಹುದು. ಗೆಳೆಯರ ಮಾತು ಸರಿಯಾದಷ್ಟೂ ನನ್ನ ಸಂಕಟ ಹೆಚ್ಚುತ್ತದೆ, ಏಕೆಂದರೆ ಪ್ರವಾಸಿಗರು ಬಸ್ಸು ಬಸ್ಸಾಗಿ ಬಂದು ಅಣೆಕಟ್ಟೆ ನೋಡಿ ಹೋಗುವ ಆ ಜಾಗದಲ್ಲಿ ಈ ಸಂಗತಿಯನ್ನು ಕನ್ನಡದಲ್ಲಿ ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ. ಚಿಪ್ಪೇ ಬೇಕೆಂದರೂ ಪಕ್ಕದ ತಮಿಳುನಾಡಿನ ಅರಿಯಲೂರಿನಲ್ಲಿ ಅಮೊನೈಟ್‌ಗಳಿವೆ, ಬೆಂಗಳೂರಿನಿಂದ ಒಂದು ರಾತ್ರಿಯ ಬಸ್ಸಿನ ದಾರಿ.

ಇಂಗ್ಲೆಂಡನ್ನು ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನು ಮನಸ್ಸಿಲ್ಲದ ಮನಸ್ಸಿನಿಂದ ಸೇರಿಸಬೇಕು. ಚಾರ್ಮತ್‌ನ ಪಕ್ಕದ ಲೈಮ್ ರೀಜಿಸ್‌ನಲ್ಲಿ, ಬಡಗಿಯ ಮಗಳಾಗಿ ಹುಟ್ಟಿದ ಮೇರಿ ಆ್ಯನಿಂಗ್, 1812ರಲ್ಲಿ ಇನ್ನೂ ಹುಡುಗಿಯಾಗಿದ್ದಾಗಲೇ ಇಕ್ತಿಯೋಸಾರ್ ಎಂಬ ಕಡಲ ಸರೀಸೃಪದ ಅಸ್ಥಿಯನ್ನು ಹೊರತೆಗೆದಳು. 1823ರಲ್ಲಿ ಪ್ಲೀಸಿಯೋಸಾರ್ ಎಂಬ ಇನ್ನೊಂದು ಕಡಲ ಸರೀಸೃಪದ ಪೂರ್ಣ ಅಸ್ಥಿಪಂಜರವನ್ನು ಕಂಡಳು. ದೊಡ್ಡ ಮನುಷ್ಯರು ಅವನ್ನು ಕೊಂಡು ಪ್ರಬಂಧ ಬರೆದರು, ಆಕೆಯ ಹೆಸರನ್ನು ಬಿಟ್ಟರು. ಲಂಡನ್ನಿನ ಭೂವಿಜ್ಞಾನ ಸಂಘಕ್ಕೆ ಹೆಣ್ಣೆಂಬ ಕಾರಣಕ್ಕೆ ಆಕೆಗೆ ಪ್ರವೇಶವೂ ಇರಲಿಲ್ಲ. 1847ರಲ್ಲಿ ಸತ್ತ ಆಕೆಗೆ ಊರಿನಲ್ಲಿ ಪ್ರತಿಮೆ ಎದ್ದದ್ದು 2022ರಲ್ಲಿ, ಅದೂ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಯಾಕಿಲ್ಲ ಎಂದು ಹಟ ಹಿಡಿದ ಮೇಲೆ. ಹಾಗಾಗಿ ಆ ಮೇಜಿನ ಸುತ್ತಲಿನ ಸಮಾನತೆ ಇವರಿಗೆ ಹುಟ್ಟುಗುಣವೇನಲ್ಲ.

ಇನ್ನು ನಮ್ಮ ಮನೆಯ ವಿಷಯ. ದೇವರ ಪೆಟ್ಟಿಗೆಯಲ್ಲಿ ತಾತನ ಕಾಲಕ್ಕೂ ಮೊದಲಿನಿಂದ ಐದು ಸಾಲಿಗ್ರಾಮಗಳಿವೆ. ಗಂಡಕಿಯಿಂದ ಬಂದ ಈ ಕಪ್ಪು ಕಲ್ಲುಗಳ ಹೊಟ್ಟೆಯಲ್ಲಿರುವ ಚಕ್ರ ಸುಮಾರು 15 ಕೋಟಿ ವರ್ಷಗಳ ಹಿಂದಿನ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಅಮೊನೈಟ್ ಎಂಬುದನ್ನು ನಾನು ತಿಳಿದದ್ದು ಈ ದೇಶಕ್ಕೆ ಬಂದ ಮೇಲೆಯೇ, ಮತ್ತು ಅದನ್ನೂ ನಮ್ಮವರ ಮೇಲಿನ ದೂರುಗಳ ಪಟ್ಟಿಗೆ ಸೇರಿಸಿಕೊಂಡಿದ್ದೆ. ಆದರೆ ಚಾರ್ಮತ್‌ನ ಮೇಜಿನ ಮುಂದೆ ನಿಂತು ಏಣು, ಸುತ್ತು, ದಿಂಡು ಎಂದು ನೋಡುತ್ತಿದ್ದಾಗ ನನಗೆ ಥಟ್ಟನೆ ನೆನಪಾದದ್ದು ಚಾತುರ್ಮಾಸ್ಯದಲ್ಲಿ ನಮ್ಮಲ್ಲಿಗೆ ಬರುತ್ತಿದ್ದ ಆಚಾರ್ಯರು. ಅವರು ಮಡಿಯಲ್ಲಿ ಕುಳಿತು ಒಂದೊಂದೇ ಸಾಲಿಗ್ರಾಮವನ್ನು ಬೆಳಕಿಗೆ ಹಿಡಿದು, ದ್ವಾರ ಎಷ್ಟಗಲ, ಒಳಗೆ ಚಕ್ರ ಎಷ್ಟು, ಅವು ಸಮವಾಗಿವೆಯೇ, ಬಣ್ಣ ಯಾವುದು ಎಂದು ನೋಡಿ, ಇದು ಲಕ್ಷ್ಮೀನಾರಾಯಣ, ಇದು ನರಸಿಂಹ, ಇದು ದಧಿವಾಮನ ಎಂದು ಹೇಳುತ್ತಿದ್ದರು. ವಜ್ರಕೀಟ ಕೊರೆದದ್ದು ಎಂಬ ಅವರ ವಿವರಣೆ ಇರಲಿ, ಕಲ್ಲೊಳಗಿನ ಆ ಸುರುಳಿ ಒಂದು ಜೀವಿಯ ಕೆಲಸ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಹೆಸರು ಕೇಳಿದರೆ ಹೆಸರು ಹೇಳುವವರು ನಮ್ಮಲ್ಲೂ ಇದ್ದರು. ಅವರ ಹತ್ತಿರ ಹೋಗಿ ಕೇಳುವ ಹಕ್ಕು ಎಲ್ಲರಿಗೂ ಇರಲಿಲ್ಲ, ನನ್ನ ಅಕ್ಕನಿಗೂ ಇರಲಿಲ್ಲ.

ಕಳೆದ ತಿಂಗಳು ಡ್ರಾಯರ್ ತೆಗೆದಾಗ ನನ್ನ ಎರಡು ಅಮೊನೈಟ್‌ಗಳಲ್ಲಿ ಒಂದು ಬಿಳಿಚಿದ ಪುಡಿಯಾಗಿತ್ತು. ಗಂಧಕದ ಕಮಟು ವಾಸನೆ ಬೇರೆ. ಇಲ್ಲಿನ ತೇವದ ಗಾಳಿಗೆ ಪೈರೈಟ್ ಆಮ್ಲವಾಗಿ ಒಳಗಿನಿಂದಲೇ ಕಲ್ಲನ್ನು ತಿನ್ನುತ್ತದೆ, ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕಿತ್ತು ಎಂದು ವಾರ್ಡನ್ ಮೊದಲೇ ಎಚ್ಚರಿಸಿದ್ದನ್ನು ನಾನು ಮರೆತಿದ್ದೆ. ಇದನ್ನು ಫೋನಿನಲ್ಲಿ ಹೇಳಿದಾಗ ನಮ್ಮ ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ದಿನಾ ಅಭಿಷೇಕ ಮಾಡಿದರೂ ನಮ್ಮದು ನಾಲ್ಕು ತಲೆಮಾರಿನಿಂದ ಹಾಗೇ ಇದೆಯಲ್ಲ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. "ಅದರ ಹೆಸರು ಏನೋ ಅಂದೆಯಲ್ಲ" ಎಂದರು. ಹೇಳಿದೆ. ಎರಡು ಸಲ ತೊದಲಿ ನೋಡಿ, ಕನ್ನಡಕ ಹುಡುಕುವ ಸದ್ದಾದ ಮೇಲೆ, "ತಡಿ, ಪಂಚಾಂಗದ ಅಂಚಿನಲ್ಲಿ ಬರೆದುಕೊಳ್ಳುತ್ತೇನೆ, ನಿಧಾನವಾಗಿ ಹೇಳಪ್ಪ" ಎಂದರು.