ಸಮುದ್ರ ಪ್ಯಾಕೇಜಿನಲ್ಲಿ ಸೇರಿಲ್ಲ

ಕ್ರೂಸ್ ಹಡಗಿನಲ್ಲಿ ಹೋಗಿ ಸಮುದ್ರ ನೋಡಬೇಕು ಅನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅದಕ್ಕೆ ಬೇರೆ ದುಡ್ಡು.

ಮಯಾಮಿಯಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ಅಗ್ಗದ ಕೋಣೆ ಅಂದರೆ ಒಳಕೋಣೆ. ಕಿಟಕಿಯೇ ಇಲ್ಲ. ಲೈಟ್ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಸ್ವಲ್ಪ ಜಾಸ್ತಿ ಕೊಟ್ಟರೆ ಕಿಟಕಿ ಸಿಗುತ್ತದೆ, ಆದರೆ ತೆರೆಯಲು ಬರುವುದಿಲ್ಲ. ಇನ್ನೂ ಜಾಸ್ತಿ ಕೊಟ್ಟರೆ ಬಾಲ್ಕನಿ. ಮೂವರೂ ತೇಲುವುದು ಒಂದೇ ನೀರಿನ ಮೇಲೆ. ಕೆಳಗೆ ನೀರಿದೆ ಅನ್ನುವುದಕ್ಕೆ ಸಾಕ್ಷಿ ಕೇಳುವವರು ಮಾತ್ರ ಹೆಚ್ಚು ಕಟ್ಟಬೇಕು, ಅಷ್ಟೇ.

ಒಳಕೋಣೆಯವರ ಕಷ್ಟ ನೋಡಲಾರದೆ ರಾಯಲ್ ಕೆರಿಬಿಯನ್ ಕಂಪನಿ 2014ರಲ್ಲಿ ಒಂದು ಉಪಾಯ ಹುಡುಕಿತು. 'ನ್ಯಾವಿಗೇಟರ್ ಆಫ್ ದಿ ಸೀಸ್' ಹಡಗಿನ ಒಳಕೋಣೆಗಳಲ್ಲಿ 80 ಇಂಚಿನ ಪರದೆ ಹಾಕಿತು. ಹೊರಗೆ ಕ್ಯಾಮೆರಾ, ಒಳಗೆ ಸಮುದ್ರದ ನೇರಪ್ರಸಾರ. ಹೆಸರು ವರ್ಚುವಲ್ ಬಾಲ್ಕನಿ. ಪರದೆಯ ಮೇಲೆ ಬಾಲ್ಕನಿ ಕಂಬಿಯ ಚಿತ್ರವೂ ಇದೆ. ಟಿವಿಯೊಳಗೆ ಬಿದ್ದು ಮುಳುಗಿಬಿಟ್ಟರೆ ಯಾರು ಹೊಣೆ ಅಲ್ವಾ?

ಅದಕ್ಕೂ ಮೊದಲೇ, 2009ರಲ್ಲಿ, ಇದೇ ಕಂಪನಿಯ 'ಒಯಾಸಿಸ್ ಆಫ್ ದಿ ಸೀಸ್' ಬಂದಿತ್ತು. ಅದರಲ್ಲಿ ಎಷ್ಟೋ ಕೋಣೆಗಳಿಗೆ ನಿಜವಾದ ಬಾಲ್ಕನಿಯೇ ಇದೆ. ಮುಖ ಮಾತ್ರ ಹಡಗಿನ ಒಳಗಡೆಗೆ. ಕುರ್ಚಿ ಹಾಕಿ ಕೂತರೆ ಕೆಳಗೆ ಸೆಂಟ್ರಲ್ ಪಾರ್ಕ್ ಅನ್ನುವ ತೋಟ, ಎದುರಿಗೆ ಇನ್ನೊಬ್ಬರ ಬಾಲ್ಕನಿ, ಅದರಲ್ಲಿ ಅವರು ಒಣಹಾಕಿದ ಟವೆಲ್. ಅವರೂ ಸಮುದ್ರ ನೋಡಲು ಬಂದವರೇ. ಇಬ್ಬರೂ ಮುಖ ಮುಖ ನೋಡಿಕೊಂಡು ಕೂರಬಹುದು.

2024ರ ಜನವರಿಯಲ್ಲಿ ಹೊರಟ 'ಐಕಾನ್ ಆಫ್ ದಿ ಸೀಸ್' ಇನ್ನೂ ದೊಡ್ಡದು. 365 ಮೀಟರ್ ಉದ್ದ, 20 ಅಂತಸ್ತು. ತುಂಬಿದರೆ 7,600 ಪ್ರಯಾಣಿಕರು. ತಿನ್ನಲು ಕುಡಿಯಲು 40ಕ್ಕೂ ಹೆಚ್ಚು ಜಾಗ. ಏಳು ಈಜುಕೊಳ. ಕೊಳದ ಸುತ್ತಲಿನ ಕುರ್ಚಿಗಳ ಮೇಲೆ ಬೆಳಗಾಗುವ ಮುಂಚೆಯೇ ಟವೆಲ್ ಬಿದ್ದಿರುತ್ತದೆ, ಮನುಷ್ಯ ಇರುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆಯುತ್ತೇವಲ್ಲ, ಅದೇ ವಿದ್ಯೆ. ಡಾಲರ್ ಕೊಟ್ಟವರಿಗೂ ಬರುತ್ತದೆ ಅಂತ ತಿಳಿದು ಖುಷಿಯಾಯಿತು.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಕೆಟ್ಟಿನಲ್ಲೇ ಸೇರಿದೆ. ಬಾಯಿಗೆ ರುಚಿ ಬೇಕಾದವರಿಗೆ 'ಸ್ಪೆಷಾಲಿಟಿ' ರೆಸ್ಟೋರೆಂಟ್ ಇದೆ, ಅದು ಸೇರಿಲ್ಲ.

ವೈನ್ ವಿಷಯ ಮಾತ್ರ ಹಾಗೆ ಬಿಡುವಂಥದ್ದಲ್ಲ. ಅನೇಕ ಹಡಗುಗಳಲ್ಲಿ ಹತ್ತುವ ದಿನ ತಲೆಗೊಂದು ಬಾಟಲಿ, 750 ಮಿಲಿ, ತರಬಹುದು. ನಿಮ್ಮ ಬಾಟಲಿಯನ್ನು ಊಟದ ಮೇಜಿಗೆ ತಂದರೆ ಸುಮಾರು 15 ಡಾಲರ್ ಕಾರ್ಕೇಜ್, ಅಂದರೆ ಬಿರಡೆ ತೆಗೆದ ಕೂಲಿ. ಈಗ ಎಷ್ಟೋ ಬಾಟಲಿಗಳಿಗೆ ಬಿರಡೆಯೇ ಇಲ್ಲ, ತಿರುಪಿನ ಮುಚ್ಚಳ. ಕೂಲಿ ಮಾತ್ರ ತಪ್ಪಿಲ್ಲ.

ಕುಡಿಯುವವರಿಗೆ ಪ್ಯಾಕೇಜ್ ಇದೆ, ಮೊದಲೇ ದುಡ್ಡು ಕಟ್ಟಿ ಆಮೇಲೆ ಕುಡಿಯುತ್ತಾ ಹೋಗುವುದು. ಕಾರ್ನಿವಲ್ ಕಂಪನಿಯದ್ದರಲ್ಲಿ 24 ಗಂಟೆಗೆ 15 ಡ್ರಿಂಕ್ ಮಿತಿ. ಇದು ಆರೋಗ್ಯದ ಕಾಳಜಿಯಂತೆ. ಒಂದೇ ಕೋಣೆಯಲ್ಲಿ ಒಬ್ಬರು ಪ್ಯಾಕೇಜ್ ಕೊಂಡರೆ ಅಲ್ಲಿರುವ ಉಳಿದ ದೊಡ್ಡವರೂ ಕೊಳ್ಳಬೇಕು. ಗಂಡ ಕುಡಿಯುವುದಕ್ಕೆ ಹೆಂಡತಿ ದುಡ್ಡು ಕಟ್ಟುವ ಸಂಪ್ರದಾಯ ನಮ್ಮಲ್ಲೂ ಇದೆ, ಆದರೆ ಯಾರೂ ಅದನ್ನು ನಿಯಮ ಅಂತ ಅಚ್ಚು ಹಾಕಿಸಿರಲಿಲ್ಲ. ನಾರ್ವೇಜಿಯನ್ ಕಂಪನಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕುಡಿತ ಉಚಿತ ಅಂತಲೇ ಸಾರಿತ್ತು. ಆ ಉಚಿತದ ಬೆಲೆ ಎಷ್ಟಾಗುತ್ತಿತ್ತೋ ಅದರ ಮೇಲೆ 20 ಪರ್ಸೆಂಟ್ ಟಿಪ್ಸ್ ಮಾತ್ರ ಕೊಡಬೇಕಿತ್ತು.

ಅಮೆರಿಕದಲ್ಲಿರುವ ಮಗ ಹಾಸನದಿಂದ ಬಂದ ಅಪ್ಪ ಅಮ್ಮನನ್ನು ಇಂಥ ಹಡಗಿಗೆ ಹತ್ತಿಸಿದ್ದಾನೆ ಅಂದುಕೊಳ್ಳಿ. ಅಪ್ಪ ನಿವೃತ್ತ ಮೇಷ್ಟ್ರು. ವೇಟರ್ ಬಾಟಲಿಯ ಲೇಬಲ್ ತೋರಿಸಿ, ಗ್ಲಾಸಿಗೆ ಒಂದು ಗುಟುಕು ಹಾಕಿ, ಕೈಕಟ್ಟಿ ನಿಲ್ಲುತ್ತಾನೆ. ವೈನ್ ಕೆಟ್ಟಿದೆಯೋ ಇಲ್ಲವೋ ಮೇಷ್ಟ್ರು ಹೇಳಬೇಕು. ಸೊಸೆ ನೋಡುತ್ತಿದ್ದಾಳೆ. ಮೇಷ್ಟ್ರು ಗ್ಲಾಸ್ ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ, ಪಾಸ್ ಮಾಡುತ್ತಾರೆ. ಫೇಲ್ ಮಾಡಲು ಯಾರಿಗೆ ಧೈರ್ಯ?

"ಸಾರ್, ಕನ್ನಡದವರಾ? ನಾನು ಮಲ್ಪೆಯವ" ಅನ್ನುತ್ತಾನೆ ವೇಟರ್.

ಅಮ್ಮನಿಗೆ ಜೀವ ಬರುತ್ತದೆ. "ಹಂಗಾದ್ರೆ ಸಮುದ್ರ ನಿಂಗೇನು ಹೊಸದಲ್ಲ ಬಿಡಪ್ಪ."

"ಇಲ್ಲಿಗೆ ಬಂದ ಮೇಲೆ ನೋಡಿದ್ದೇ ಕಡಿಮೆ ಅಮ್ಮ. ನಮ್ಮ ರೂಮು ನೀರಿನ ಮಟ್ಟಕ್ಕಿಂತ ಕೆಳಗೆ ಉಂಟು. ಕಿಟಕಿ ಇಟ್ಟಿದ್ರೆ ಮೀನು ಕಾಣ್ತಿತ್ತೋ ಏನೋ."

ಬಿಲ್ ಬರುತ್ತದೆ. ಟಿಪ್ಸ್ ಆಗಲೇ ಸೇರಿಸಿ ಮುಗಿದಿದೆ. ಅದರ ಕೆಳಗೆ ಒಂದು ಖಾಲಿ ಗೆರೆ, ಇನ್ನೂ ಟಿಪ್ಸ್ ಕೊಡುವ ಮನಸ್ಸಿದ್ದವರಿಗೆ.

ಹಡಗು ಕೊನೆಗೆ ಬಹಾಮಾಸ್‌ನ ಕೊಕೊಕೇ ದ್ವೀಪದಲ್ಲಿ ನಿಲ್ಲುತ್ತದೆ. ರಾಯಲ್ ಕೆರಿಬಿಯನ್ ತನ್ನ ಪ್ರಯಾಣಿಕರಿಗಾಗಿ 2019ರಲ್ಲಿ ಹೊಸದಾಗಿ ಸಿಂಗರಿಸಿದ ದ್ವೀಪ. ನಾಲ್ಕೂ ಕಡೆ ಸಮುದ್ರ. ಅದಕ್ಕೇ ಮಧ್ಯದಲ್ಲಿ ಒಂದು ಭಾರಿ ಈಜುಕೊಳ ಕಟ್ಟಿದ್ದಾರೆ, ಸಿಹಿನೀರಿನದು, ಒಳಗೇ ಬಾರ್. ವಾಟರ್ ಪಾರ್ಕಿಗೆ ಬೇರೆ ಟಿಕೆಟ್. ಮಕ್ಕಳ ಗಲಾಟೆ ಇಲ್ಲದ ಬೀಚಿಗೆ ಬೇರೆ ಟಿಕೆಟ್. ನೀರಿನ ಮೇಲೆ ಕಟ್ಟಿದ ಗುಡಿಸಲಿನ ಬಾಡಿಗೆ ನಮ್ಮ ಮೇಷ್ಟ್ರ ಪೆನ್ಷನ್ನಿಗೆ ನಿಲುಕುವಂಥದ್ದಲ್ಲ.

ಟಿಕೆಟ್ ಇಲ್ಲದ ಬೀಚೂ ಇದೆ. ಮಗ ಅಲ್ಲಿಗೆ ಕರೆದುಕೊಂಡು ಹೋಗಿ, "ಇಳೀರಿ ಅಪ್ಪಾ, ಇದು ಫ್ರೀ" ಅನ್ನುತ್ತಾನೆ. ಮೇಷ್ಟ್ರು ಪ್ಯಾಂಟು ಮಡಿಸುವುದನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ.

"ಫ್ರೀ ಅಂದ್ರೆ ಟಿಪ್ಸ್ ಎಷ್ಟು ಪರ್ಸೆಂಟಂತೆ, ಮೊದ್ಲು ಕೇಳ್ಕೊಂಡು ಬಾ ಹೋಗು."