ಮೇಲೆ ಸರಿ ಬೇಕೋ, ಕೆಳಗೆ ಸರಿ ಬೇಕೋ?

ನಮ್ಮ ಮನೆಯ ಬೈಕಿನ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತದೆ ಎಂದು ತಮ್ಮ ಆಗಾಗ ದೂರುತ್ತಾನೆ. ನಾನು ಒಪ್ಪುವುದಿಲ್ಲ. ಸುಳ್ಳು ಹೇಳುವವರಿಗೆ ಹೇಳಿದ್ದನ್ನು ನೆನಪಿಟ್ಟುಕೊಳ್ಳುವ ಕಷ್ಟವಾದರೂ ಇರುತ್ತದೆ. ಈ ಮುಳ್ಳಿಗೆ ಅದೂ ಇಲ್ಲ. ಸೈಡ್ ಸ್ಟ್ಯಾಂಡಿನಲ್ಲಿ ಎಡಕ್ಕೆ ವಾಲಿ ನಿಂತಾಗ ಅರ್ಧ ಟ್ಯಾಂಕ್ ತೋರಿಸುತ್ತದೆ. ನೆಟ್ಟಗೆ ಮಾಡಿ ಹತ್ತಿ ಕುಳಿತ ಕೂಡಲೇ ಮುಕ್ಕಾಲಿಗೆ ಏರುತ್ತದೆ. ಯಜಮಾನ ಬಂದನೆಂದು ಎದ್ದು ನಿಲ್ಲುವ ಮರ್ಯಾದೆ ಇರಬೇಕು.

ಇದರ ನಿಜವಾದ ಪ್ರತಿಭೆ ಕಾಣುವುದು ಚಾರ್ಮಾಡಿ ಘಾಟಿಯಲ್ಲಿ. ಉಜಿರೆಯಿಂದ ಹೊರಟು ಮುಂಡಾಜೆ, ಕಕ್ಕಿಂಜೆ ದಾಟಿ ಏರು ಶುರುವಾಯಿತೆಂದರೆ ಟ್ಯಾಂಕಿನ ಪೆಟ್ರೋಲೆಲ್ಲ ಹಿಂದಕ್ಕೆ ಸರಿಯುತ್ತದೆ. ಪೆಟ್ರೋಲಿನ ಮೇಲೆ ತೇಲುತ್ತ ಮುಳ್ಳಿಗೆ ಮಟ್ಟ ತಿಳಿಸುವ ಫ್ಲೋಟ್ ನಮ್ಮ ಗಾಡಿಯಲ್ಲಿ ಇರುವುದೂ ಹಿಂಬದಿಯಲ್ಲೇ. ಹಾಗಾಗಿ ಎಂಜಿನ್ ಏದುಸಿರು ಬಿಡುತ್ತ ಪೆಟ್ರೋಲ್ ಕುಡಿಯುತ್ತಿದ್ದರೂ ಮುಳ್ಳು ಮಾತ್ರ ತಿರುವಿನಿಂದ ತಿರುವಿಗೆ ಮೇಲೇರುತ್ತದೆ. ಕೊಟ್ಟಿಗೆಹಾರದಲ್ಲಿ ನೀರು ದೋಸೆಗೆಂದು ನಿಲ್ಲಿಸುವ ಹೊತ್ತಿಗೆ ನಾವು ಹೊರಟಾಗಿನದಕ್ಕಿಂತ ಸಿರಿವಂತರು. ಇಳಿಯುವಾಗ ಪೆಟ್ರೋಲ್ ಮುಂದಕ್ಕೆ ಓಡಿ ಮುಳ್ಳು ಕೆಳಗೆ ಜಾರುತ್ತದೆ. ಎಂಜಿನ್ನಿಗೆ ಹೆಚ್ಚು ಕೆಲಸವೇ ಇಲ್ಲದ ಆ ಇಳಿಜಾರಿನಲ್ಲಿ, ಕಾಡಿನ ನಡುವೆ, ಬಂಕಿನ ಸುಳಿವಿಲ್ಲದ ಕಡೆಯಲ್ಲಿ ಹಿಂದೆ ಕುಳಿತವರಿಗೆ ಎದೆ ಢವಢವ.

ಇಷ್ಟನ್ನು ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಇದರ ಕೆಳಗಿನ ತುದಿ. ಟ್ಯಾಂಕ್ ಪೂರ್ತಿ ಒಣಗಿದ ಮೇಲೂ ಮುಳ್ಳು ಕಾಲು ಭಾಗದಿಂದ ಕೆಳಗೆ ಇಳಿಯುವುದಿಲ್ಲ.

ಹಳೆಯ ಕಾಲದ ಗಾಡಿಗಳಲ್ಲಿ ಮುಳ್ಳೇ ಇರಲಿಲ್ಲ, ಯಾರೂ ಬೀದಿಪಾಲಾಗಲಿಲ್ಲ, ಏಕೆಂದರೆ ರಿಸರ್ವ್ ಇತ್ತು. ಅದು ಬಹಳ ಜಾಣತನದ ವ್ಯವಸ್ಥೆ. ಟ್ಯಾಂಕಿನ ತಳದ ಕಾಕಿನಿಂದ ಒಳಗೆ ಒಂದು ಕೊಳವೆ ಎದ್ದು ನಿಂತಿರುತ್ತದೆ. ಪೆಟ್ರೋಲ್ ಅದರ ಬಾಯಿಗಿಂತ ಕೆಳಗಿಳಿದಾಗ ಗಾಡಿ ಮುಗ್ಗರಿಸುತ್ತದೆ. ಕಾಕ್ ತಿರುಗಿಸಿದರೆ ತಳದ ರಂಧ್ರದಿಂದ ಉಳಿದದ್ದು ಹರಿಯುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಪಂಪ್ ಟ್ಯಾಂಕಿನೊಳಗೇ ಕುಳಿತಿತು, ಕಾಕಿನ ಕಾಲವೂ ಬಹುಮಟ್ಟಿಗೆ ಮುಗಿಯಿತು. ನಮ್ಮದು ಅದಕ್ಕಿಂತ ಹಿಂದಿನದು, ಮುಳ್ಳೂ ಉಂಟು, ರಿಸರ್ವೂ ಉಂಟು. ಆದರೆ ತಮ್ಮನೂ ಇದ್ದಾನೆ. ರಿಸರ್ವಿಗೆ ತಿರುಗಿಸಿದ ಕಾಕನ್ನು ಪೆಟ್ರೋಲ್ ಹಾಕಿಸಿದ ಮೇಲೆ ಮೊದಲಿನ ಜಾಗಕ್ಕೆ ತರುವುದು ಅವನ ಜಾತಕದಲ್ಲೇ ಬರೆದಿಲ್ಲ.

ಹಾಗಾಗಿ ಒಂದು ಮಧ್ಯಾಹ್ನ, ಮುನ್ಸೂಚನೆಯೇ ಇಲ್ಲದೆ ರಿಸರ್ವೂ ಮುಗಿದು, ಕಕ್ಕಿಂಜೆಯ ಈಚೆ ಗಾಡಿ ನಿಂತಿತು. ಮುಳ್ಳು ಕಾಲು ಟ್ಯಾಂಕ್ ಎನ್ನುತ್ತಿತ್ತು. ರಸ್ತೆಯಲ್ಲಿ ಬೈಕ್ ನಿಂತರೆ ನಮ್ಮ ಕಡೆ ವೈದ್ಯರಿಗೆ ಬರವಿಲ್ಲ. ಮೊದಲು ಬಂದವರು ಪ್ಲಗ್ ಬಿಚ್ಚಲು ಹೇಳಿದರು. ಎರಡನೆಯವರು ಮೀಟರ್ ನೋಡಿ, "ಪೆಟ್ರೋಲ್ ಉಂಟಲ್ಲ ಮಾರಾಯರೆ, ಕರೆಂಟಿನದ್ದೇ ತೊಂದರೆ" ಎಂದು ಷರಾ ಬರೆದರು. ಅಡಿಕೆ ಮೂಟೆ ಹೇರಿಕೊಂಡು ಸ್ಕೂಟರಿನಲ್ಲಿ ಬಂದ ಹಿರಿಯರೊಬ್ಬರು ಮಾತ್ರ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಟ್ಯಾಂಕಿಗೆ ಕಿವಿ ಇಟ್ಟು ಗಾಡಿಯನ್ನು ಅಲುಗಾಡಿಸಿದರು. ಆಮೇಲೆ ಕಾಕ್ ಇರುವ ಕಡೆಗೆ ನೆಲ ಮುಟ್ಟುವಂತೆ ವಾಲಿಸಿ ಎತ್ತಿದರು. ಬೈಕಿನ ಟ್ಯಾಂಕ್ ಚಾಸಿಯ ಮೇಲೆ ಕಾಲು ಚಾಚಿ ಕುಳಿತಿರುತ್ತದೆ. ತಳದಲ್ಲಿ ಎರಡು ಹೊಂಡ, ನಡುವೆ ಒಂದು ದಿಬ್ಬ. ಕಾಕ್ ಇಲ್ಲದ ಹೊಂಡದಲ್ಲಿ ಉಳಿದ ಪೆಟ್ರೋಲ್ ತಾನಾಗಿ ದಿಬ್ಬ ದಾಟುವುದಿಲ್ಲ. ಹಿರಿಯರು ದಾಟಿಸಿದರು. ಮುಂಡಾಜೆಯವರೆಗೆ ಅದೇ ಸಾಕಾಯಿತು.

ಮೆಕ್ಯಾನಿಕ್ ಮೊದಲು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಟ್ಯಾಂಕಿನ ಅಡಿಯಿಂದ ಬರುವ ಎರಡು ವೈರುಗಳ ಸಾಕೆಟ್ ಬಿಡಿಸಿ, ಮೀಟರಿನ ಕಡೆಯ ತುದಿಗಳನ್ನು ಒಂದು ತಂತಿಯಿಂದ ಜೋಡಿಸಿದರು. ಮುಳ್ಳು ಸರ್ರನೆ ತುದಿಗೆ ಹೋಯಿತು. ತಂತಿ ತೆಗೆದರು, ಪೂರ್ತಿ ಕೆಳಗೆ ಬಿತ್ತು. "ಮುಳ್ಳು ಪಾಪದ್ದು. ಅದಕ್ಕೆ ಹೇಳಿಕೊಡುವವನು ಒಳಗೆ ಇದ್ದಾನೆ" ಎಂದರು. ಬೀಡಿ ಸೇದುತ್ತ ನಿಂತಿದ್ದವರನ್ನು ರಸ್ತೆಯ ಆಚೆಗೆ ಕಳಿಸಿ, ಬ್ಯಾಟರಿಯ ವೈರ್ ಬಿಚ್ಚಿ, ಟ್ಯಾಂಕನ್ನು ಇಳಿಸಿ ಗೋಣಿಯ ಮೇಲೆ ಕವುಚಿ ಹಾಕಿದರು.

ಒಳಗಿದ್ದವನು ಹೊರಬಂದ. ಒಂದು ಕಡ್ಡಿ, ಅದರ ತುದಿಗೆ ಹೆಬ್ಬೆರಳಿನ ಗಾತ್ರದ ತೇಲುಬುಂಡೆ, ಬುಡದಲ್ಲಿ ಬೆರಳುಗುರಿನಷ್ಟು ಅಗಲದ ಒಂದು ಪಟ್ಟಿ. ಬುಂಡೆ ಏರಿಳಿದಂತೆ ಕಡ್ಡಿಯ ಬುಡ ಪಟ್ಟಿಯ ಮೇಲೆ ಸವರುತ್ತ ಹೋಗುತ್ತದೆ, ಕರೆಂಟಿಗೆ ಅಡ್ಡಿ ಹೆಚ್ಚು ಕಡಿಮೆಯಾಗುತ್ತದೆ, ಮುಳ್ಳು ಅಷ್ಟನ್ನೇ ನಂಬುತ್ತದೆ. ಮೆಕ್ಯಾನಿಕ್ ಕಡ್ಡಿಯನ್ನು ಅಳೆದು ನಕ್ಕರು. ಇದು ಬೇರೆ ಯಾವುದೋ ಗಾಡಿಯ ಟ್ಯಾಂಕ್ ಯೂನಿಟ್; ಹಳೆಯ ಯಜಮಾನರು ಸಿಕ್ಕಿದ್ದನ್ನು ಸಿಕ್ಕಿಸಿ ನಮಗೆ ಮಾರಿದ್ದರು. ಕಡ್ಡಿ ಉದ್ದವಾಗಿದ್ದರಿಂದ ಬುಂಡೆ ಮೇಲಿನಿಂದ ತಳದವರೆಗೆ ಇಳಿದರೂ ಬುಡ ಪೂರ್ತಿ ತಿರುಗುತ್ತಿರಲಿಲ್ಲ. ಸರಿಯಾದ ಯೂನಿಟ್ ಈಗ ಎಲ್ಲಿಯೂ ಸಿಗುತ್ತಿಲ್ಲವಂತೆ.

"ಬಗ್ಗಿಸಿ ಕೊಡಬಹುದು" ಎಂದು ಚೂಪು ಮೂತಿಯ ಇಕ್ಕಳ ಎತ್ತಿಕೊಂಡರು. "ಆದರೆ ಒಂದು ಕಡೆ ಮಾತ್ರ. ನಿಮಗೆ ಮೇಲೆ ಸರಿ ಬೇಕೋ, ಕೆಳಗೆ ಸರಿ ಬೇಕೋ?"

ಮೇಲೆ ಸರಿ ಮಾಡಿದರೆ ಫುಲ್ ಟ್ಯಾಂಕಿಗೆ ಫುಲ್ ತೋರಿಸುತ್ತದೆ, ಖಾಲಿಯಾದಾಗ ಕಾಲು. ಅಂದರೆ ಈಗಿನ ಸ್ಥಿತಿ. ಕೆಳಗೆ ಸರಿ ಮಾಡಿದರೆ ಖಾಲಿಗೆ ಖಾಲಿ, ಫುಲ್ಲಿಗೆ ಮುಕ್ಕಾಲು. ಬುದ್ಧಿ ನೆಟ್ಟಗಿರುವ ಯಾರಾದರೂ ಕೆಳಗಿನದನ್ನೇ ಆರಿಸುತ್ತಾರೆ. ಅವರು ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿದರು, ಹೊಸ ರಬ್ಬರ್ ವಾಷರ್ ಹಾಕಿ ಬಿಗಿದರು, ಬಾಟಲಿಯಿಂದ ಒಂದೊಂದೇ ಲೀಟರ್ ಸುರಿದು ಮುಳ್ಳು ನೋಡಿದರು. ಮೊದಲ ಬಾಟಲಿಗೆ ಮುಳ್ಳು ಸೊನ್ನೆಯಿಂದ ಎದ್ದದ್ದನ್ನು ಕಂಡು ತಮ್ಮ ಚಪ್ಪಾಳೆ ತಟ್ಟಿದ.

ಈ ವಿಷಯವನ್ನು ಅಪ್ಪನಿಗೂ ಹೇಳಿದ್ದೆವು. ಪತ್ರಿಕೆ ಓದುತ್ತಿದ್ದವರು "ಹೂಂ" ಎಂದಿದ್ದರು.

ಆ ವಾರವೇ ಅಪ್ಪ ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದರು. ಮುಳ್ಳು ಮುಕ್ಕಾಲಿನಲ್ಲಿ ನಿಂತಿತು. ಅಪ್ಪ ನಿವೃತ್ತ ಮೇಷ್ಟ್ರು. ಕಾಲು ಭಾಗ ಕಾಣೆಯಾದರೆ ಸುಮ್ಮನಿರುವ ಜಾತಿಯಲ್ಲ. ಪೆಟ್ರೋಲ್ ಕಡಿಮೆ ಬಂದಿದೆ ಎಂದರು. ಬಂಕಿನ ಹುಡುಗ ಪೈಪಿನ ಮೂತಿಯನ್ನು ಮತ್ತೆ ಇಟ್ಟು ತೋರಿಸಿದ. ಪೆಟ್ರೋಲ್ ಟ್ಯಾಂಕಿನ ಬಾಯಿಯಿಂದ ಉಕ್ಕಿ ಅಪ್ಪನ ಇಸ್ತ್ರಿ ಪಂಚೆಯ ಮೇಲೆ ಹರಿಯಿತು. ಅಷ್ಟಕ್ಕೂ ಅವರು ಒಪ್ಪಲಿಲ್ಲ, ಮುಳ್ಳನ್ನೇ ತೋರಿಸಿದರು. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಶಾಸ್ತ್ರ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆ ಇಟ್ಟಿರಬೇಕು, ಗ್ರಾಹಕರು ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. ಅಪ್ಪ ಕೇಳಿದರು. ಹಿಂದೆ ಆಟೋ, ಜೀಪು, ಹಾಲಿನ ವ್ಯಾನುಗಳ ಸಾಲು ಹಾರ್ನ್ ಹೊಡೆಯುತ್ತಿರುವಾಗ ಪಾತ್ರೆ ಬಂತು, ಪೆಟ್ರೋಲ್ ಬಿತ್ತು, ಗೆರೆಗೆ ಸರಿಯಾಗಿ ನಿಂತಿತು.

ಅಪ್ಪ ಮನೆಗೆ ಬಂದು ಪಂಚೆ ಬದಲಿಸಿದರು, ಏನೂ ಹೇಳಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಹಾಲಿನ ವ್ಯಾನಿನವನಿಂದ.

ಟ್ಯಾಂಕ್ ಇಳಿಯುವವರೆಗೆ ಕಾದು ಮೊನ್ನೆ ಅವರೇ ಗಾಡಿಯನ್ನು ಮೆಕ್ಯಾನಿಕ್ ಬಳಿಗೆ ಕೊಂಡುಹೋಗಿ, "ಮೇಲೆ ಸರಿ ಮಾಡಿ, ಮನುಷ್ಯನಿಗೆ ಮರ್ಯಾದೆ ಮುಖ್ಯ" ಎಂದು ಕಡ್ಡಿಯನ್ನು ಮತ್ತೆ ಬಗ್ಗಿಸಿಕೊಂಡು ಬಂದಿದ್ದಾರೆ. ತಮ್ಮ ಇಂದು ಬೆಳಿಗ್ಗೆಯೇ ಕೊಟ್ಟಿಗೆಹಾರಕ್ಕೆಂದು ಹೊರಟುಹೋಗಿದ್ದ. ಅವನಿಗೆ ಈ ವಿಷಯ ತಿಳಿಸಿದ್ದೀರಾ ಎಂದು ಕೇಳಿದೆ.

"ಏಕೆ?" ಎಂದರು ಅಪ್ಪ. "ಕಾಲು ಟ್ಯಾಂಕ್ ಇತ್ತಲ್ಲ. ನಾನೇ ನೋಡಿದ್ದೇನೆ."